ಬಿ ಸೈಡಿನ ನಾಲ್ಕನೆಯದು

ಪಟ್ಟಿ ಬರೆದುಕೊಂಡೇ ಬಂದಿದ್ದ ಗಾದಿಲಿಂಗ,
ಜೀನ್ಸ್ ಕತ್ತರಿಸುವ ಅಳತೆ ರಟ್ಟಿನ ಮೇಲೆ, ಸೀಮೆಸುಣ್ಣದಲ್ಲಿ:
ಮೊದಲು 'ಕೆಮ್ಮಣ್ಣು', ಆಮೇಲೆ 'ಮೂರನೇ ಪಾಳಿ',
ಕೊನೆಗೆ, ಲೈಟು ಆರಿಸಿ, 'ಕುಲುಮೆ'.
ಇದು ಬಿಟ್ಟು ಬೇರೆ ನುಡಿಸಿದರೆ
ಟಿಕೆಟ್ಟಿನ ದುಡ್ಡು ವಾಪಸ್ ಕೇಳ್ತೀನಿ ನೋಡು, ಅಂದ.

ಮೋತಿ ಸರ್ಕಲ್ಲಿನ ಬಂಡಿಯ ಹತ್ತಿರ
ನಮ್ಮ ಜಗಳದಲ್ಲಿ ಮಿರ್ಚಿ ತಣ್ಣಗಾಯಿತು.
ಖಾಜಾಹುಸೇನನ ಲೆಕ್ಕದಲ್ಲಿ
ಎರಡನೇ ಕ್ಯಾಸೆಟ್ಟಿಗೇ ಸತ್ತ ಬ್ಯಾಂಡು 'ಕೆಂಧೂಳು'.
ಅವನ ಮಗಳು ರುಖಿಯಾಗೆ, ಹತ್ತೊಂಬತ್ತು, ಕಿವಿಗೆ ಐದು ತೂತು,
ನಾವು ಕೇಳದ ಹೊಸವೇ ಬಾಯಿಪಾಠ.
"ಅವರಿಗೂ ವಯಸ್ಸಾಗೈತಲ್ಲ ಅಂಕಲ್,
ಹಾಡಿಗೂ ಆಗ್ಲಿ ಬಿಡ್ರಿ."
ಗಾದಿಲಿಂಗ ಮೆಣಸಿನಕಾಯಿ ತೊಟ್ಟು ಉಗುಳಿದ.

ನಾನು ಬಾಯಿ ಬಿಡಲಿಲ್ಲ.
ನನಗೆ ಬೇಕಾದ್ದು ಒಂದೇ.

ತೊಂಬತ್ತೇಳನೇ ಇಸವಿ, ಕೌಲ್ ಬಜಾರ್,
ಹನ್ನೆರಡು ರೂಪಾಯಿಗೆ ತುಂಬಿಸಿಕೊಂಡ ಕ್ಯಾಸೆಟ್ಟು.
ಹೆವಿ ಮೆಟಲ್ಲಾ, ಎಷ್ಟು ಟನ್ನು ತಮ್ಮಾ,
ಅಂದಿದ್ದ ರೇಡಿಯೋ ರಿಪೇರಿ ಷಣ್ಮುಖಾಚಾರಿ.
ಟೇಪು ಅರವತ್ತು ನಿಮಿಷದ್ದು, ಹಾಡುಗಳದ್ದು ಅರವತ್ಮೂರು.
ಬಿ ಸೈಡಿನ ನಾಲ್ಕನೆಯದು, 'ಸುಂಕಮ್ಮನ ತಕ್ಕಡಿ',
ಎರಡನೇ ಚರಣ ದಾಟಿ, ಡ್ರಮ್ಮು ನಿಂತು,
ಗಿಟಾರೊಂದೇ ಉಸಿರು ಹಿಡಿದು ಮೇಲೆ ಮೇಲೆ ಹತ್ತಿ,
'ಹೇಳು, ತೂಗಿದ್ದು ಏನು' ಅಂತ ಅವನು ಕೇಳಿ

ಟಕ್.

ಬಟನ್ನು ಮೇಲೆದ್ದು ಬರುತ್ತಿತ್ತು.

ಇಪ್ಪತ್ತೇಳು ವರ್ಷ ಆ ಟಕ್ಕೇ ಹಾಡಿನ ಕೊನೆ.
ಯಾವ ಫೋನಿನಲ್ಲೂ ಇಲ್ಲ ಅದು. ಅಸಲಿ ಕ್ಯಾಸೆಟ್ಟು
ಇದ್ದ ಒಬ್ಬನ ಮನೆಯಲ್ಲಿ ಇಲಿ ಕಡಿದಿದೆ.
ಹೆಣ್ಣು ನೋಡಲು ಹೋಗಿ ಉಪ್ಪಿಟ್ಟಿನ ಮುಂದೆ ಕೂತಾಗ,
ತೋರಣಗಲ್ಲಿನ ಗೇಟಿನಲ್ಲಿ ಅದಿರಿನ ಲಾರಿ ತೂಗುವಾಗ,
ಅಂಕಿ ನಿಲ್ಲುವ ಮುಂಚೆ ಕೆಂಪಗೆ ನಡುಗುತ್ತದಲ್ಲ, ಆಗ,
ನಾನೇ ಒಂದೊಂದು ಕೊನೆ ಕಟ್ಟಿ ನೋಡಿದ್ದೇನೆ.
ಯಾವುದೂ ಕೂರಲಿಲ್ಲ.

ಎಂಟಕ್ಕೆ ಬಂದರು. ನಾಲ್ವರಲ್ಲಿ ಮೂವರು ಹಳಬರು.
ಹಾಡುವವನ ಬೋಳುತಲೆ ದೀಪಕ್ಕೆ ಹೊಳೆಯಿತು.
ಶ್ರುತಿ ಒಂದು ಮನೆ ಕೆಳಗಿಳಿದಿತ್ತು, ಗೊತ್ತಾಯಿತು,
ಗೊತ್ತಾದವರೆಲ್ಲ ಗೊತ್ತಾಗದವರಂತೆ ಕುಣಿದೆವು.
'ಕೆಮ್ಮಣ್ಣಿ'ಗೆ ಗಾದಿಲಿಂಗ ರಟ್ಟು ತಲೆಯ ಮೇಲೆತ್ತಿ
ಗೊಳೋ ಎಂದು ಅತ್ತ, ಮಂಡಿಗೆ ಬೆಲ್ಟು ಕಟ್ಟಿದ ಮನುಷ್ಯ.
ಹೊಸವು ಮೂರು ಬಂದವು. ಎಲ್ಲರೂ ನೀರಿಗೆ ಹೋದರು.
ಖಾಲಿ ಜಾಗದಲ್ಲಿ ರುಖಿಯಾ ಒಬ್ಬಳೇ, ಮುಷ್ಟಿ ಎತ್ತಿ.

ಹಾಡು ಹಾಡಿನ ನಡುವೆ ನಾನು ಕೂಗಿದೆ: 'ತಕ್ಕಡಿ!'
ಅವನು ಕಿವಿಗೆ ಕೈ ಇಟ್ಟ, ನಕ್ಕ.
'ತಕ್ಕಡಿ!'
ಪಕ್ಕದವ ಯಾರೋ, ಯಾವ ಅಂಗಡಿದಣ್ಣಾ, ಅಂದ.

ಹತ್ತಕ್ಕೆ ಪೊಲೀಸಿನವರು ಗಡಿಯಾರ ತೋರಿಸಿದರು.
'ಕುಲುಮೆ'. ಲೈಟು. ಮುಗೀತು.

ವೈರು ಸುತ್ತುವ ಹುಡುಗನಿಗೆ ಐವತ್ತು ಕೊಟ್ಟು
ವೇದಿಕೆಗೆ ಅಂಟಿಸಿದ್ದ ಹಾಳೆ ಕಿತ್ತುಕೊಂಡೆ.
ನೀಲಿ ಮಾರ್ಕರಿನಲ್ಲಿ ಹದಿಮೂರು ಹೆಸರು.
ಹನ್ನೊಂದನೆಯದು: ತಕ್ಕಡಿ.
ಅದರ ಮೇಲೊಂದು ಗೆರೆ.
ಪಕ್ಕದಲ್ಲಿ, ಬೇರೆ ಪೆನ್ನಿನಲ್ಲಿ, 'ನೋಡೋಣ' ಅಂತ,
ಅದರ ಮೇಲೂ ಗೆರೆ.
ಹೊತ್ತಾಯಿತೋ, ಗಂಟಲೋ,
ಕೊನೆ ಅವರಿಗೂ ಮರೆತಿದೆಯೋ.

ಸ್ಕೂಟರಿನ ಹಿಂದೆ ಕೂತು ಗಾದಿಲಿಂಗ
ಎಲ್ಲಾ ನುಡಿಸಿದರಲ್ಲಲೇ, ಒಂದೂ ಬಿಡಲಿಲ್ಲ, ಅನ್ನುತ್ತಲೇ ಇದ್ದ.
ಹೂಂ ಅಂದೆ.
ಅವನ ರಟ್ಟಿನ ಸುಣ್ಣ ನನ್ನ ಬೆನ್ನಿಗೆ ಮೆತ್ತಿತ್ತು.

ರೈಲ್ವೆ ಗೇಟು ಹಾಕಿತ್ತು. ಅದಿರಿನ ಗೂಡ್ಸು.
ಡಬ್ಬಿ ಎಣಿಸುತ್ತ ಎರಡನೇ ಚರಣದವರೆಗೆ ಗುನುಗಿದೆ.
ಐವತ್ತೆಂಟು.
ಕೆಂಪು ದೀಪ ದೂರ ಹೋಯಿತು.
ಗೇಟು ಇನ್ನೂ ಎತ್ತಿರಲಿಲ್ಲ.